ಪೆಡಲ್ ತುಳಿದರೆ ಸಾಲದು... ಆಂಪ್ ಒಲಿಯಬೇಕು!

ಗೋವಿನಕೋವಿಯ ಗಣೇಶನ ಪೆಂಡಾಲು. ರಾತ್ರಿ ಹನ್ನೊಂದೂವರೆ. ಮುಂದೆ ಮಕ್ಕಳು, ಅವರ ಹಿಂದೆ ಹೆಂಗಸರು, ಆಚೆ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗರು... ಆರ್ಕೆಸ್ಟ್ರಾ ರಂಗೇರಿತ್ತು. ಗಾಯಕ ಪಲ್ಲವಿ ಮುಗಿಸಿ ಮೈಕು ಕೆಳಗಿಳಿಸಿದ. ಇನ್ನು ಗಿಟಾರಿನ ಸರದಿ! ನಾನು ಹೀರೋ ಥರ ಒಂದು ಹೆಜ್ಜೆ ಮುಂದೆ ಬಂದು, ಹೊಸ ಪೆಡಲನ್ನು ಟಕ್ ಅಂತ ತುಳಿದೆ.

ಬಂದ ಸದ್ದು ಎಂಥದ್ದು ಗೊತ್ತೇನ್ರೀ? ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ... ಜುಂಯ್ಯ್ ಅಂತ! ಸ್ವರ ಯಾವುದು, ಶ್ರುತಿ ಯಾವುದು ಒಂದೂ ತಿಳಿಯದು. ಮಕ್ಕಳು ಕಿವಿ ಮುಚ್ಚಿಕೊಂಡವು. ಟ್ರೈಲರ್ ಮೇಲಿಂದ ಒಬ್ಬ ಕೂಗಿದ: "ಏನ್ ತಮ್ಮಾ... ಮೋಟ್ರು ಸುಟ್ಟೋತೇನು?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಗು ಇರಲಿ ಬಿಡಿ, ಅದನ್ನು ತಡಕೋಬಹುದು. ಆದರೆ ಅವತ್ತು ನಮ್ಮ ಗಾಯಕನಿಗೆ ಅದು ಮೊಟ್ಟಮೊದಲ ಸ್ಟೇಜು. ಗಿಟಾರಿನ ಕೊನೆಯ ಸ್ವರ ಹಿಡಿದು ಅವನು ಚರಣ ಎತ್ತಬೇಕಿತ್ತು. ಆ ಗದ್ದಲದಲ್ಲಿ ಸ್ವರ ಸಿಗಲಿಲ್ಲ, ತಾಳ ತಪ್ಪಿತು, ಹಾಡು ನಿಂತೇಹೋಯಿತು. ಆ ಹುಡುಗನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ತಪ್ಪು ನನ್ನದು, ತಲೆ ತಗ್ಗಿಸಿದವನು ಅವನು!

ಆ ಪೆಡಲ್ ಬಂದಿದ್ದು ಅಪ್ಪ ಮೆಕ್ಕೆಜೋಳ ಮಾರಿ ಕೊಟ್ಟ ದುಡ್ಡಿನಿಂದ. ಮನೆಯಲ್ಲಿ, ಗೆಳೆಯನ ಪುಟ್ಟ ಆಂಪಿಗೆ ಹಾಕಿದಾಗ ಹುಲಿಯ ಹಾಗೆ ಘರ್ಜಿಸಿತ್ತು. ಅದೇ ಪೆಡಲ್, ಅದೇ ಗಿಟಾರ್, ಅದೇ ಕೈ... ಸ್ಟೇಜಿನ ಮೇಲೆ ಸುಟ್ಟ ಮೋಟ್ರು ಆಯಿತೇಕೆ?

ನಮ್ಮ ಕೀಬೋರ್ಡ್ ಮಾಸ್ಟ್ರು ಸಾಮಾನು ಕಟ್ಟುವಾಗ ಒಂದೇ ಮಾತು ಹೇಳಿದರು. "ಪೆಡಲ್ ನೋಡಿ ತಗಂಡೆ ನೀನು. ಅದು ಯಾವ ಡಬ್ಬದ ಒಳಗೆ ಹೋಗಿ ಮಾತಾಡ್ತೈತೆ ಅಂತ ನೋಡಲಿಲ್ಲ ನೋಡು... ಅಲ್ಲೇ ಕೆಟ್ಟಿದ್ದು."

ಗಿಟಾರ್ ಗೆಳೆಯರೇ, ಈ ಬರಹವೆಲ್ಲ ಆ ಒಂದು ಮಾತಿನ ವಿಸ್ತಾರ. ನಿಮ್ಮ ಅಪ್ಪನ ದುಡ್ಡೂ ಉಳಿಯಲಿ, ನಿಮ್ಮ ಗಾಯಕನ ಮಾನವೂ ಉಳಿಯಲಿ!

ಒಡೆದ ಸದ್ದಿಗೂ ಒಂದು ಚರಿತ್ರೆ

ಓವರ್‌ಡ್ರೈವ್ ಅಂದರೆ ಏನು? ಸರಳವಾಗಿ ಹೇಳುತ್ತೇನೆ. ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸದ್ದು ನುಗ್ಗಿಸಿದರೆ ಏನಾಗುತ್ತದೆ? ಧ್ವನಿ ಒಡೆಯುತ್ತದೆ. ಧ್ವನಿಯ ಅಲೆ ಇನ್ನೂ ಮೇಲೆ ಏರಲು ಜಾಗವಿಲ್ಲದೆ ಅದರ ತಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದ ಜೊತೆಗೆ ಅದರ ಮೇಲಿನ ಹೊಸ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಭಾಷಣಕ್ಕೆ ಇದು ಶಾಪ, ಗಿಟಾರಿಗೆ ವರ! ಸ್ವರಕ್ಕೆ ಒಂದು ಬಿಸಿ ಬರುತ್ತದೆ, ತಂತಿ ಮೀಟಿದ ಮೇಲೂ ಸದ್ದು ಬಹಳ ಹೊತ್ತು ಉಳಿಯುತ್ತದೆ, ಪಿಟೀಲಿನ ಹಾಗೆ ಎಳೆದು ಅಳಿಸಬಹುದು.

ಈ ಸದ್ದಿನ ಪೆಡಲ್ ಹುಟ್ಟಿದ್ದೇ ಅಪಘಾತದಿಂದ. ಅಮೆರಿಕದ ಹಾಡುಗಾರ ಮಾರ್ಟಿ ರಾಬಿನ್ಸ್ ಅವರ 1961ರ ಒಂದು ಹಾಡಿನ ರೆಕಾರ್ಡಿಂಗ್ ವೇಳೆ ಸ್ಟುಡಿಯೋ ಮಿಕ್ಸರ್‌ನ ಒಂದು ಚಾನೆಲ್ ಕೆಟ್ಟಿತು. ಅದರ ಮೂಲಕ ಬಂದ ಗಿಟಾರ್ ಗೊರಗೊರ ಅಂದಿತು. ಅಯ್ಯೋ ಅನ್ನುವ ಬದಲು, ಚೆನ್ನಾಗಿದೆ ಅಂತ ಹಾಗೆಯೇ ಉಳಿಸಿಕೊಂಡರು! ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಸದ್ದನ್ನು ಡಬ್ಬಿಯೊಳಗೆ ಕೂರಿಸಲು ಹೊರಟರು. 1962ರಲ್ಲಿ ಮಾಯೆಸ್ಟ್ರೋ ಹೆಸರಿನಲ್ಲಿ ಫಜ್-ಟೋನ್ ಪೆಡಲ್ ಮಾರುಕಟ್ಟೆಗೆ ಬಂತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿಬಿಟ್ಟ! ಆ ಹರಕು ಸ್ಪೀಕರಿನ ಸದ್ದೇ ಹಿಟ್ ಆಯಿತು. (ನೀವು ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಮೈಕ್‌ಸೆಟ್ ಅಣ್ಣ ನಿಮ್ಮನ್ನೇ ಸೀಳಿಬಿಟ್ಟಾನು.)

ಆಮೇಲೆ ಜಪಾನಿನವರು ಬಂದರು. ರೋಲ್ಯಾಂಡ್ ಬಳಗದ ಬಾಸ್ ಕಂಪನಿ 1977ರಲ್ಲಿ ಓಡಿ-1 ತಂದಿತು. ಕೆಲವೇ ವರ್ಷಗಳಲ್ಲಿ ಐಬನೇಜ್‌ನ ಹಸಿರು ಡಬ್ಬಿ ಟ್ಯೂಬ್ ಸ್ಕ್ರೀಮರ್ ಬಂತು. 1981ರಲ್ಲಿ ಬಾಸ್‌ನ ಹಳದಿ ಡಬ್ಬಿ ಎಸ್‌ಡಿ-1, 1995ರಲ್ಲಿ ನೀಲಿ ಡಬ್ಬಿ ಬ್ಲೂಸ್ ಡ್ರೈವರ್. ಇವತ್ತು ಅಂಗಡಿಯಲ್ಲಿ ಕಾಣುವ ನೂರಾರು ಪೆಡಲುಗಳಲ್ಲಿ ಬಹುಪಾಲು ಇವುಗಳ ತಮ್ಮಂದಿರು, ಮಕ್ಕಳು, ಮೊಮ್ಮಕ್ಕಳು.

ನಮ್ಮ ಚಿತ್ರರಂಗದ ಮಾತು ಬೇಡವೇ? ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ 'ಆಪರೇಷನ್ ಡೈಮಂಡ್ ರಾಕೆಟ್' 1978ರದ್ದು, ಸಂಗೀತ ಜಿ.ಕೆ. ವೆಂಕಟೇಶ್. ಅದೇ ವೆಂಕಟೇಶ್ ಬಳಿ ಒಂದು ಕಾಲಕ್ಕೆ ಗಿಟಾರ್ ನುಡಿಸಿ, ಸಹಾಯಕರಾಗಿ ಪಳಗಿದವರು ಇಳಯರಾಜ. ಶಂಕರನಾಗ್ ನಿರ್ದೇಶಿಸಿ ನಟಿಸಿದ 1981ರ 'ಗೀತಾ' ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. 1987ರಲ್ಲಿ ಹಂಸಲೇಖ-ರವಿಚಂದ್ರನ್ ಜೋಡಿಯ 'ಪ್ರೇಮಲೋಕ' ಬಂದ ಮೇಲಂತೂ ಊರೂರಿನ ಆರ್ಕೆಸ್ಟ್ರಾಗಳ ಪಟ್ಟಿಯೇ ಬದಲಾಯಿತು. ಸಿನಿಮಾ ಹಾಡಿನ ಗಿಟಾರನ್ನು ಸ್ಟುಡಿಯೋದಲ್ಲಿ ಹದವಾಗಿ, ಸಾವಧಾನವಾಗಿ ರೆಕಾರ್ಡ್ ಮಾಡಿರುತ್ತಾರೆ. ನಾವೋ... ಹೊನ್ನಾಳಿಯಲ್ಲಿ ಒಂದು ಆಂಪು, ಚನ್ನಗಿರಿಯಲ್ಲಿ ಇನ್ನೊಂದು, ಜಗಳೂರಿನಲ್ಲಿ ಆಂಪೇ ಇಲ್ಲ! ನಮ್ಮ ಕಷ್ಟ ಇರುವುದೇ ಇಲ್ಲಿ.

ಪೆಡಲ್ ಅಂದರೆ ಬಾಲಣ್ಣ!

ಸಿನಿಮಾ ಭಾಷೆಯಲ್ಲೇ ಹೇಳಲೇ? ಆಂಪ್ ನಾಯಕ. ಪೆಡಲ್ ನಮ್ಮ ಬಾಲಣ್ಣ, ಟಿ.ಎನ್. ಬಾಲಕೃಷ್ಣ! ಎಷ್ಟು ಚಿತ್ರಗಳಲ್ಲಿ ರಾಜ್ ಎದುರು ನಿಂತರು ಆತ. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಎದುರಿನವರ ತುಟಿ, ಮುಖ ನೋಡಿಕೊಂಡೇ ಕರಾರುವಾಕ್ಕಾಗಿ ಮಾತು ಒಪ್ಪಿಸುತ್ತಿದ್ದರು. ಎದುರಿಗೆ ಯಾರಿದ್ದಾರೋ ಅವರನ್ನು ನೋಡಿ ನಟನೆ! ಓವರ್‌ಡ್ರೈವ್ ಕೆಲಸವೂ ಅದೇ. ಎದುರಿಗಿರುವ ಆಂಪ್ ನೋಡಿ ಮಾತಾಡಬೇಕು.

ಪೆಡಲ್ ಮೇಲೆ ಸಾಮಾನ್ಯವಾಗಿ ಮೂರು ನಾಬ್ ಇರುತ್ತವೆ. ಡ್ರೈವ್ ಅಂದರೆ ಸದ್ದು ಎಷ್ಟು ಒಡೆಯಬೇಕು ಅನ್ನುವುದು. ಟೋನ್ ಅಂದರೆ ಎಷ್ಟು ಹರಿತ ಅನ್ನುವುದು. ಲೆವೆಲ್ ಅಂದರೆ ಪೆಡಲಿನಿಂದ ಆಂಪಿಗೆ ಎಷ್ಟು ಜೋರಾಗಿ ಹೋಗಬೇಕು ಅನ್ನುವುದು. ಹುಡುಗರು ಕೈ ಹಾಕುವುದು ಮೊದಲನೆಯದಕ್ಕೆ. ಅರ್ಧ ಗುಟ್ಟು ಇರುವುದು ಕೊನೆಯದರಲ್ಲಿ!

ಇನ್ನು ಮುಂದೆ ನಾಬ್ ಲೆಕ್ಕವನ್ನು ಗಡಿಯಾರದ ಮುಳ್ಳಿನ ಹಾಗೆ ಹೇಳುತ್ತೇನೆ. ನೆಟ್ಟಗೆ ಮೇಲೆ ನೋಡಿದರೆ 12 ಗಂಟೆ, ಎಡಕ್ಕೆ ಅಡ್ಡ ಮಲಗಿದರೆ 9, ಬಲಕ್ಕೆ ಅಡ್ಡ ಮಲಗಿದರೆ 3. ಇವು ಶುರು ಮಾಡುವ ಜಾಗ ಮಾತ್ರ. ಆಮೇಲೆ ನಿಮ್ಮ ಕಿವಿಯೇ ಗುರು.

ಯಾವ ಆಂಪಿಗೆ ಯಾವ ಮದ್ದು?

ಒಂದು: ವಾಲ್ವ್ ಆಂಪ್. ಅಜ್ಜನ ಕಾಲದ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ಗಾಜಿನ ವಾಲ್ವು. ಇದರ ಗುಣವೇನೆಂದರೆ, ಹೆಚ್ಚು ಒತ್ತಿದರೆ ಇದೂ ಒಡೆಯುತ್ತದೆ, ಆದರೆ ಒರಟಾಗಿ ಅಲ್ಲ, ಅಂಚು ಉಜ್ಜಿದ ಹಾಗೆ ಮೆತ್ತಗೆ. ಹೀಗಾಗಿ ಇಲ್ಲಿ ಪೆಡಲ್ ಸದ್ದು ಒಡೆಯಬೇಕಿಲ್ಲ, ಆಂಪನ್ನು ತಳ್ಳಿದರೆ ಸಾಕು. ಡ್ರೈವ್ 8 ಅಥವಾ 9 ಗಂಟೆ. ಲೆವೆಲ್ 2 ಅಥವಾ 3 ಗಂಟೆ. ಆಂಪೇ ಹಾಡುತ್ತದೆ! ಆದರೆ ಆಂಪ್ ಮೊದಲೇ ಒಡೆಯುವ ಹಂತಕ್ಕೆ ಬಂದಿರಬೇಕು, ಅದು ನೆನಪಿರಲಿ.

ವಾಲ್ವ್ ಆಂಪುಗಳಲ್ಲೂ ಜಾತಿಗಳಿವೆ ಸ್ವಾಮಿ. ಫೆಂಡರ್ ಟ್ವಿನ್ ರಿವರ್ಬ್ (1963) ಥರದ ಆಂಪಿನಲ್ಲಿ ಬೇಸ್ ಇದೆ, ಟ್ರೆಬಲ್ ಇದೆ, ನಡು ಮಾತ್ರ ಸಣ್ಣ. ನಮ್ಮ ನಾಯಕಿಯರ ಹಾಗೆ! ಟ್ಯೂಬ್ ಸ್ಕ್ರೀಮರ್, ಎಸ್‌ಡಿ-1 ಥರದ ಪೆಡಲುಗಳ ಗುಣ ತದ್ವಿರುದ್ಧ. ಅವು ಬೇಸ್ ಕತ್ತರಿಸಿ ನಡುವಿನ ಸದ್ದನ್ನು ಉಬ್ಬಿಸುತ್ತವೆ. ಆದ್ದರಿಂದ ಈ ಜೋಡಿ ಬೊಂಬಾಟ್. ಅಮೆರಿಕದ ಸ್ಟೀವಿ ರೇ ವಾನ್ ಹೆಸರು ಮಾಡಿದ್ದು ಇದೇ ಜೋಡಿಯಿಂದ. ಲಂಡನ್ನಿನ ಜಿಮ್ ಮಾರ್ಷಲ್ 1962ರ ಹೊತ್ತಿಗೆ ಶುರು ಮಾಡಿದ ಮಾರ್ಷಲ್ ಆಂಪುಗಳಲ್ಲಿ ನಡು ಮೊದಲೇ ತುಂಬಿದೆ. ಅಲ್ಲಿ ಈ ಪೆಡಲಿನ ಉಪಕಾರ ಬೇರೆ: ಅದು ಬೇಸ್ ಕಡಿಮೆ ಮಾಡುವುದರಿಂದ ಸದ್ದು ಗೊಜ್ಜಾಗದೆ ಬಿಗಿಯಾಗುತ್ತದೆ. ಇನ್ನು ವಾಕ್ಸ್ ಏಸಿ-30. ಅದು ಮೊದಲೇ ಗೆಜ್ಜೆ ಕಟ್ಟಿದ ಆಂಪು, ಝಲ್ ಅನ್ನುತ್ತದೆ. ಅದಕ್ಕೆ ಟೋನ್ ಜಾಸ್ತಿ ಕೊಟ್ಟರೆ ಮೂಗಿನಲ್ಲಿ ಹಾಡಿದ ಹಾಗಾದೀತು. 10 ಗಂಟೆ ದಾಟಿಸಬೇಡಿ. ಕ್ವೀನ್ ತಂಡದ ಬ್ರಯಾನ್ ಮೇ ಇದರ ಮುಂದೆ ಟ್ರೆಬಲ್ ಬೂಸ್ಟರ್ ಇಟ್ಟು ಗೆದ್ದರು ಅನ್ನುವುದು ನಿಜ. ಆದರೆ ಅವರು ಆಂಪನ್ನು ಪೂರ್ತಿ ಏರಿಸಿ ನುಡಿಸಿದವರು. ನಮ್ಮ ಪೆಂಡಾಲಿನಲ್ಲಿ ಅಷ್ಟು ಏರಿಸಿದರೆ ಗಣೇಶನೇ ಎದ್ದು ಹೋದಾನು!

ಎರಡು: ಟ್ರಾನ್ಸಿಸ್ಟರ್ ಆಂಪ್. ನಮ್ಮ ಕಡೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇದೇ. ಇವುಗಳ ದೊಡ್ಡಣ್ಣ 1975ರ ರೋಲ್ಯಾಂಡ್ ಜಾಝ್ ಕೋರಸ್ 120. ಎರಡು 12 ಅಂಗುಲದ ಸ್ಪೀಕರ್, 60 ವ್ಯಾಟ್‌ನಂತೆ ಎರಡು ಆಂಪು. ಸದ್ದು ತುಂಗಭದ್ರೆಯ ತಿಳಿನೀರಿನ ಹಾಗೆ ಸ್ವಚ್ಛ. ಆದರೆ ಇದನ್ನು ಹೊರಗಿನಿಂದ ತಳ್ಳಿ ಒಡೆಸಲು ಹೋಗಬೇಡಿ. ಟ್ರಾನ್ಸಿಸ್ಟರ್ ಒಡೆದರೆ ಗಾಜು ಒಡೆದ ಹಾಗೆ, ಚರ್ರ್ ಅನ್ನುತ್ತದೆ. ಇಲ್ಲಿ ವಾಲ್ವ್ ಆಂಪಿನ ಸೂತ್ರ ತಲೆಕೆಳಗು. ಒಡೆಯುವ ಕೆಲಸ ಪೂರ್ತಿ ಪೆಡಲಿನದು. ಡ್ರೈವ್ 11ರಿಂದ 1 ಗಂಟೆ. ಲೆವೆಲ್, ಪೆಡಲ್ ಆಫ್ ಇದ್ದಾಗ ಎಷ್ಟು ಸದ್ದೋ ಅಷ್ಟೇ, ಸೋಲೋಗೆ ಕೂದಲೆಳೆ ಜಾಸ್ತಿ. ಟೋನ್ 10 ಗಂಟೆ. ಆಂಪಿನ ಟ್ರೆಬಲ್ ಸ್ವಲ್ಪ ಇಳಿಸಿ, ಮಿಡ್ಲ್ ಸ್ವಲ್ಪ ಏರಿಸಿ. ಬ್ಲೂಸ್ ಡ್ರೈವರ್ ಥರದ ಪೆಡಲಿನಲ್ಲಿ ಟ್ರೆಬಲ್ ಹೆಚ್ಚು. ಅದನ್ನು ಇಲ್ಲಿ ಬಳಸುವವರು ಟೋನನ್ನು ಇನ್ನೂ ಕೆಳಗೆ, 9ರ ಹತ್ತಿರ ಇಡಬೇಕು.

ಮೂರು: ಮನೆಯ ಪುಟ್ಟ ಆಂಪ್. 10-15 ವ್ಯಾಟು, ಆರೋ ಎಂಟೋ ಅಂಗುಲದ ಸ್ಪೀಕರ್. ಈ ಚಿಕ್ಕ ಸ್ಪೀಕರ್ ಬೇಸ್ ತಡೆಯದು. ಆಂಪಿನ ಬೇಸ್ ಇಳಿಸಿ, ಪೆಡಲಿನ ಡ್ರೈವ್ 10 ಗಂಟೆಗೇ ಸಾಕು ಮಾಡಿ. ಇನ್ನೊಂದು ಲೆಕ್ಕ ತಿಳಿದಿರಲಿ. 10 ವ್ಯಾಟಿಗಿಂತ 100 ವ್ಯಾಟು ಹತ್ತು ಪಟ್ಟು ಜೋರಲ್ಲ, ಕಿವಿಗೆ ಸುಮಾರು ಎರಡು ಪಟ್ಟು ಜೋರು, ಅಷ್ಟೇ. ಹಾಗಾಗಿ ಪುಟ್ಟ ಆಂಪಿಗೆ ಒಂದು ಮೈಕು ಇಟ್ಟು ಮಿಕ್ಸರಿಗೆ ಕೊಟ್ಟರೆ ಎಂಥ ಜಾತ್ರೆಯನ್ನೂ ಗೆಲ್ಲಬಹುದು. ನಾಚಿಕೆ ಬೇಡ!

ನಾಲ್ಕು: ಆಂಪೇ ಇಲ್ಲ! ಸುಟ್ಟ ಮೋಟ್ರಿನ ಕಥೆ ಇಲ್ಲೇ ಇರುವುದು. ಮೈಕ್‌ಸೆಟ್ ಅಣ್ಣ ಒಂದು ವಯರ್ ಕೊಟ್ಟು "ಇದಕ್ಕೆ ಹಾಕಪ್ಪ" ಅನ್ನುತ್ತಾನೆ. ಅದು ನೇರ ಮಿಕ್ಸರಿಗೆ ಹೋಗುತ್ತದೆ. ಆವತ್ತು ನಾನು ಹಾಕಿದ್ದೂ ಹಾಗೆಯೇ. ಏನು ತಪ್ಪು? ಗಿಟಾರ್ ಆಂಪಿನ ಸ್ಪೀಕರಿಗೆ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಸದ್ದು ಹೊರಡಿಸುವ ಶಕ್ತಿ ಇಳಿದುಹೋಗುತ್ತದೆ. ಒಡೆದ ಸದ್ದಿನ ಕಸಕಡ್ಡಿ ಎಲ್ಲ ಇರುವುದು ಅದರ ಮೇಲೆ. ಅಂದರೆ ಗಿಟಾರ್ ಸ್ಪೀಕರ್ ಒಂದು ಜರಡಿ! ಹಿಟ್ಟು ಬಿಟ್ಟು ತೌಡು ಹಿಡಿಯುತ್ತದೆ. ಮೈಕ್‌ಸೆಟ್ಟಿನ ಬಾಕ್ಸಿನಲ್ಲಿ ಮೇಲೊಂದು ಹಾರ್ನ್ ಇರುತ್ತದಲ್ಲ, ಅದಕ್ಕೆ ಜರಡಿಯ ಹಂಗಿಲ್ಲ. ತೌಡೆಲ್ಲ ನೇರ ಜನರ ಕಿವಿಗೆ. ಅದೇ ಆ ಜೇನ್ನೊಣದ ಜುಂಯ್!

ಪರಿಹಾರ ಇದೆ. ಕ್ಯಾಬಿನೆಟ್ ಸಿಮ್ಯುಲೇಟರ್ ಅಂತ ಒಂದು ಡಬ್ಬಿ ಬರುತ್ತದೆ, ಆ ಜರಡಿಯ ಕೆಲಸ ಮಾಡುತ್ತದೆ. ಈಗಿನ ಮಲ್ಟಿ-ಎಫೆಕ್ಟ್ ಡಬ್ಬಿಗಳಲ್ಲಿ ಅದು ಒಳಗೇ ಇರುತ್ತದೆ, ಆನ್ ಆಗಿದೆಯೇ ನೋಡಿಕೊಳ್ಳಿ. ಏನೂ ಇಲ್ಲದಿದ್ದರೆ ಗಿಟಾರಿನ ಟೋನ್ ನಾಬ್ ಅರ್ಧಕ್ಕಿಂತ ಕೆಳಗೆ, ಪೆಡಲ್ ಟೋನ್ ಪೂರ್ತಿ ಕೆಳಗೆ, ಡ್ರೈವ್ 9 ಗಂಟೆ, ಮಿಕ್ಸರಿನಲ್ಲಿ ನಿಮ್ಮ ಚಾನೆಲ್ಲಿನ 'ಹೈ' ಇಳಿಸಲು ಸೌಂಡಿನವರನ್ನು ಕೇಳಿ. ವಯರನ್ನು ಮೈಕ್ ಇನ್‌ಪುಟ್ಟಿಗೆ ಹಾಕದೆ ಲೈನ್ ಇನ್‌ಪುಟ್ಟಿಗೆ ಹಾಕಿಸಿ, ಇಲ್ಲವಾದರೆ ಡಿಐ ಬಾಕ್ಸ್ ಕೇಳಿ. ಸ್ವರ್ಗ ಸಿಗುವುದಿಲ್ಲ, ಮಾನ ಉಳಿಯುತ್ತದೆ.

ಕೊಳ್ಳುವ ಮುಂಚೆ...

ಬಿಲ್ ಫಿನೆಗನ್ ಅನ್ನುವ ಅಮೆರಿಕದ ಆಸಾಮಿ 1994ರಿಂದ ಕ್ಲಾನ್ ಸೆಂಟಾರ್ ಅನ್ನುವ ಪೆಡಲ್ ಮಾಡಿದ. ಮಾಡಿದ್ದು ಸುಮಾರು ಎಂಟು ಸಾವಿರ ಮಾತ್ರ. ಈಗ ಹಳೆಯದೊಂದು ಬೇಕೆಂದರೂ ಲಕ್ಷಗಟ್ಟಲೆ ರೂಪಾಯಿ! ಒಳ್ಳೆಯ ಪೆಡಲೇ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನೂ ನೇರ ಮೈಕ್‌ಸೆಟ್ಟಿಗೆ ಹಾಕಿ ಡ್ರೈವ್ ಏರಿಸಿದರೆ ಅದೂ ಜುಂಯ್ ಅನ್ನುತ್ತದೆ. ಇತ್ತ ಟ್ಯೂಬ್ ಸ್ಕ್ರೀಮರ್ ಒಳಗಿರುವುದು 4558 ಅನ್ನುವ ಅಗ್ಗದ ಚಿಪ್ಪು, ಒಂದಷ್ಟು ಡಯೋಡು, ಟ್ರಾನ್ಸಿಸ್ಟರು. ಬೆಲೆಗೂ ಸದ್ದಿಗೂ ಲಗ್ನಪತ್ರಿಕೆ ಬರೆದಿಲ್ಲ!

ಆದ್ದರಿಂದ ಅಂಗಡಿಗೆ ಹೋಗುವಾಗ "ಯಾವ ಹೀರೋ ಯಾವ ಪೆಡಲ್ ಇಟ್ಟಿದ್ದಾನೆ" ಅನ್ನುವ ಪಟ್ಟಿ ಬೇಡ. ಒಂದು ಚೀಟಿಯಲ್ಲಿ ಇದನ್ನು ಬರೆದುಕೊಳ್ಳಿ: ಕಳೆದ ಹತ್ತು ಕಾರ್ಯಕ್ರಮದಲ್ಲಿ ನನಗೆ ಸಿಕ್ಕ ಆಂಪ್ ಯಾವುದು? ಹತ್ತರಲ್ಲಿ ಏಳು ಸಲ ಟ್ರಾನ್ಸಿಸ್ಟರ್ ಆಂಪಾದರೆ ನಡು ಉಬ್ಬಿಸುವ, ಮೆತ್ತಗೆ ಒಡೆಯುವ ಓವರ್‌ಡ್ರೈವ್ ಕೊಳ್ಳಿ. ಏಳು ಸಲ ನೇರ ಮಿಕ್ಸರ್ ಆದರೆ ಬರೀ ಓವರ್‌ಡ್ರೈವ್ ಕೊಳ್ಳಲೇಬೇಡಿ, ಕ್ಯಾಬಿನೆಟ್ ಸಿಮ್ಯುಲೇಟರ್ ಇರುವ ಮಲ್ಟಿ-ಎಫೆಕ್ಟೇ ವಾಸಿ. ಡಿಸ್ಟಾರ್ಷನ್ ಅಂತ ಬರೆದಿರುವ ಡಬ್ಬಿಗಳು ಇನ್ನೂ ಗಡಸು, ಫಜ್ ಅಂದರೆ ಅದಕ್ಕೂ ಅಪ್ಪ. ಅವು ರಾಕ್ ತಂಡಕ್ಕೆ ಸರಿ. ಸಿನಿಮಾ ಹಾಡಿಗೆ ಉಪ್ಪಿನಕಾಯಿಯಷ್ಟು ಸಾಕಪ್ಪ, ಉಪ್ಪಿನಕಾಯಿಯನ್ನೇ ಊಟ ಮಾಡಿದರೆ ಹೊಟ್ಟೆ ಕೆಡುತ್ತದೆ.

ನಿಮ್ಮದೇ ಗಿಟಾರ್ ಹೊತ್ತುಕೊಂಡು ಹೋಗಿ. ಅಂಗಡಿಯವರ ಒಳ್ಳೆಯ ವಾಲ್ವ್ ಆಂಪಿನಲ್ಲಿ ಕೇಳಿ ಮರುಳಾಗಬೇಡಿ, "ಅಣ್ಣಾ, ಆ ಮೂಲೆಯಲ್ಲಿರೋ ಸಾದಾ ಆಂಪಿಗೆ ಹಾಕಿ" ಅನ್ನಿ. ಅಲ್ಲಿ ಚೆನ್ನಾಗಿದ್ದರೆ ಎಲ್ಲ ಕಡೆಯೂ ಚೆನ್ನಾಗಿರುತ್ತದೆ.

ಸ್ಟೇಜಿನ ಮೇಲೆ ಐದು ನಿಮಿಷ

ಮಾಸ್ಟ್ರು ನನಗೆ ಕಲಿಸಿದ ಕ್ರಮ ಇದು. ಮೊದಲು ಪೆಡಲ್ ಆಫ್. ಆಂಪಿನ ನಾಬ್ ಎಲ್ಲ ನಡುವಿಗೆ. ಬರೀ ಗಿಟಾರ್ ನುಡಿಸಿ ಆಂಪಿನ ಸ್ವಭಾವ ತಿಳಿಯಿರಿ, ಬೇಸ್ ಜಾಸ್ತಿಯೇ, ಕೀಚಲೇ? ಅದನ್ನು ಆಂಪಿನಲ್ಲೇ ಸರಿ ಮಾಡಿ. ಪೆಡಲ್ ಇಲ್ಲದ ಸದ್ದು ಕೆಟ್ಟಿದ್ದರೆ ಪೆಡಲ್ ಹಾಕಿದ ಸದ್ದು ಅದರಪ್ಪನ ಹಾಗೆ ಕೆಡುತ್ತದೆ!

ಆಮೇಲೆ ಪೆಡಲ್ ಆನ್. ಡ್ರೈವ್ ಪೂರ್ತಿ ಕೆಳಗೆ, ಟೋನ್ 12, ಲೆವೆಲ್ ಏರಿಸುತ್ತಾ ಆನ್-ಆಫ್ ಸಮ ಮಾಡಿಕೊಳ್ಳಿ. ಈಗ ಡ್ರೈವ್ ಮೆಲ್ಲಗೆ ಏರಿಸಿ. "ಆಹಾ ಸಾಕು" ಅನ್ನಿಸಿದ ಜಾಗದಿಂದ ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ಹೌದು, ಹಿಂದಕ್ಕೆ! ಒಬ್ಬನೇ ನುಡಿಸುವಾಗ ಬಡಕಲು ಅನ್ನಿಸಿದರೂ ತಂಡದ ನಡುವೆ ಅದೇ ಸರಿ. ಡ್ರೈವ್ ಹೆಚ್ಚಾದಷ್ಟೂ ಮೀಟಿನ ಪೆಟ್ಟು ಸಾಯುತ್ತದೆ, ಗಿಟಾರ್ ಹಿಂದಕ್ಕೆ ಹೋಗುತ್ತದೆ. ಜೋರು ಬೇಕಿದ್ದರೆ ಲೆವೆಲ್ ಏರಿಸಿ, ಡ್ರೈವ್ ಅಲ್ಲ.

ಮನೆಯಲ್ಲಿ ಇಟ್ಟ ಗುರುತು ಸ್ಟೇಜಿಗೆ ನಡೆಯದು, ಇದಕ್ಕೆ ವಿಜ್ಞಾನದ ಕಾರಣವೂ ಉಂಟು. ಮೆಲ್ಲನೆಯ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸೂ ಟ್ರೆಬಲ್ಲೂ ಕಡಿಮೆ ಕೇಳುತ್ತವೆ. ಜೋರಾದಾಗ ಎರಡೂ ಎದ್ದು ಬರುತ್ತವೆ. ಫ್ಲೆಚರ್ ಮತ್ತು ಮನ್‌ಸನ್ ಅನ್ನುವ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಮನೆಯಲ್ಲಿ "ಇನ್ನಷ್ಟು ಬೇಸ್, ಇನ್ನಷ್ಟು ಟ್ರೆಬಲ್" ಅಂತ ತಿರುಗಿಸಿ, ಅದನ್ನೇ ಸ್ಟೇಜಿನಲ್ಲಿ ಇಟ್ಟರೆ ಕೆಳಗೆ ಗುಡುಗು, ಮೇಲೆ ಮಿಂಚು, ನಡುವೆ ಗಿಟಾರೇ ಇಲ್ಲ! ನಡುವಿನ ಸದ್ದೇ ಗಿಟಾರಿನ ಮನೆ. ಆದರೆ ಗಾಯಕನ ಧ್ವನಿಗೂ ಅದೇ ಮನೆ. ಆದ್ದರಿಂದ ಅವನು ಹಾಡುವಾಗ ಪೆಡಲ್ ಆಫ್, ಇಲ್ಲವೇ ಗಿಟಾರಿನ ವಾಲ್ಯೂಮ್ ಇಳಿಸಿ. ಒಳ್ಳೆಯ ಓವರ್‌ಡ್ರೈವ್ ಆದರೆ ವಾಲ್ಯೂಮ್ ಇಳಿಸಿದ ಕೂಡಲೇ ಸದ್ದು ತಿಳಿಯಾಗುತ್ತದೆ. ಪೆಡಲ್ ಕೊಳ್ಳುವಾಗ ಇದನ್ನೂ ಪರೀಕ್ಷೆ ಮಾಡಿ.

ಡಿಲೇ, ಕೋರಸ್ ಇದ್ದರೆ ಅವು ಓವರ್‌ಡ್ರೈವ್ ಆದ ಮೇಲೆ. ಅಡಾಪ್ಟರ್ 9 ವೋಲ್ಟ್, ಪಿನ್ನಿನ ನಡು ನೆಗೆಟಿವ್. ಬಹುತೇಕ ಪೆಡಲುಗಳಿಗೆ ಇದೇ ನಿಯಮ, ಆದರೂ ಡಬ್ಬಿಯ ಮೇಲೆ ಓದಿ ಹಾಕಿ. ಬ್ಯಾಟರಿಯಲ್ಲಿ ನಡೆಸುವವರು ಕೆಲಸ ಮುಗಿದ ಮೇಲೆ ಇನ್‌ಪುಟ್ ವಯರ್ ಕಿತ್ತಿಡಿ. ಅದು ಸಿಕ್ಕಿಸಿದ್ದಷ್ಟು ಹೊತ್ತೂ ಬ್ಯಾಟರಿ ಸುಡುತ್ತಲೇ ಇರುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು

ಓವರ್‌ಡ್ರೈವ್ ಗಿಟಾರನ್ನು ದೊಡ್ಡದು ಮಾಡುವ ಹಾಗೆ ಗುಂಯ್ ಅನ್ನುವ ಕರೆಂಟಿನ ಸದ್ದನ್ನೂ ದೊಡ್ಡದು ಮಾಡುತ್ತದೆ. ಆಗ ಯಾರಾದರೂ ಬಂದು "ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡು, ಗುಂಯ್ ಹೋಗ್ತದೆ" ಅನ್ನುತ್ತಾರೆ. ಕೈ ಮುಗಿದು ಹೇಳುತ್ತೇನೆ, ಬೇಡ! ಗುಂಯ್ ಹೋಗಬಹುದು, ನೀವೂ ಹೋಗಬಹುದು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ಊರಿನಲ್ಲಿ, ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ, ಸ್ಟೇಜಿನ ಮೇಲೆಯೇ ಶಾಕ್ ಹೊಡೆದು ತೀರಿಕೊಂಡರು. ನಮ್ಮ ಪೆಂಡಾಲುಗಳಲ್ಲಿ ಮಳೆಯ ನೆಲ, ತೇಪೆ ಹಾಕಿದ ವಯರು, ಜನರೇಟರ್... ಹೇಳಬೇಕೇ? ತಂತಿಯ ಮೇಲೆ ಕೈ ಇಟ್ಟುಕೊಂಡು ಮೈಕಿಗೆ ತುಟಿ ತಾಗಿಸುವ ಮುಂಚೆ ಮೈಕ್‌ಸೆಟ್ಟಿನವರ ಹತ್ತಿರ ಅರ್ಥ್ ಪರೀಕ್ಷೆ ಮಾಡಿಸಿ. ಚುರ್ ಅಂದರೆ ಕಾರ್ಯಕ್ರಮ ನಿಲ್ಲಿಸಿ. ಗುಂಯ್ ಕಡಿಮೆ ಮಾಡಲು ಡ್ರೈವ್ ಇಳಿಸಿ, ಪೆಡಲಿಗೆ ಬ್ಯಾಟರಿ ಹಾಕಿ ನೋಡಿ, ಟ್ಯೂಬ್‌ಲೈಟಿನಿಂದ ದೂರ ನಿಲ್ಲಿ. ಅರ್ಥ್ ಪಿನ್ ಮಾತ್ರ ಮುಟ್ಟಬೇಡಿ.

ಮತ್ತೆ ಆ ಹಾಡು

ಸುಟ್ಟ ಮೋಟ್ರಿನ ಕಥೆ ಏನಾಯಿತು ಅಂತೀರಾ? ಆ ಪೆಡಲನ್ನು ನಷ್ಟಕ್ಕೆ ಮಾರಿದೆ. ಸ್ವಲ್ಪ ದುಡ್ಡು ಸೇರಿಸಿ, ಯಾರೋ ಬಳಸಿ ಬಿಟ್ಟ ಹಳದಿ ಡಬ್ಬಿ ಕೊಂಡೆ. ಮಾಸ್ಟ್ರ ಮನೆ ಪಡಸಾಲೆಯಲ್ಲಿ ಕೂತು, ಯಾವ ಆಂಪಿಗೆ ಯಾವ ಗಂಟೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಗಡಿಯಾರ ಬರೆದುಕೊಂಡೆ. ಮುಂದಿನ ವರ್ಷ ಚನ್ನಗಿರಿ ಕಡೆಯ ಒಂದು ಊರು, ರಾಜ್ಯೋತ್ಸವದ ಕಾರ್ಯಕ್ರಮ. ಸಿಕ್ಕಿದ್ದು ಒಂದು ಹಳೇ ಟ್ರಾನ್ಸಿಸ್ಟರ್ ಆಂಪು. ನೋಟ್‌ಬುಕ್ ತೆಗೆದೆ, ಡ್ರೈವ್ 11, ಟೋನ್ 10, ಲೆವೆಲ್ ಸಮ.

ಅದೇ ಗಾಯಕ, ಅದೇ ಹಾಡು. ಪಲ್ಲವಿ ಮುಗಿಸಿ ಅವನು ನನ್ನ ಕಡೆ ನೋಡಿದ ನೋಟದಲ್ಲಿ ಹೆದರಿಕೆ ಇತ್ತು. ತುಳಿದೆ. ಸ್ವರ ಎದ್ದಿತು, ತೆಳ್ಳಗೆ ಒಡೆಯಿತು, ನಿಂತಿತು. ಆ ಕೊನೆಯ ಸ್ವರದ ಬಾಲ ಹಿಡಿದು ಅವನು ಚರಣ ಎತ್ತಿದ, ಕರಾರುವಾಕ್ಕಾಗಿ! ಜನ ಚಪ್ಪಾಳೆ ಹೊಡೆದದ್ದು ಅವನಿಗೆ. ಗಿಟಾರ್ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಇಳಿದು ಬಂದಾಗ ಮಾಸ್ಟ್ರು ಚಹಾ ಲೋಟ ಮುಂದೆ ಹಿಡಿದು ನಕ್ಕರು. "ಯಾರೂ ಏನೂ ಅನ್ಲಿಲ್ಲ ಅಂದ್ರೆ ಸರಿಯಾಗೈತೆ ಅಂತ ಅರ್ಥ, ತಮ್ಮಾ. ಕುಡಿ, ತಣ್ಣಗಾಗ್ತೈತೆ."

ಗಾಯಕ ಬಂದು ಪಕ್ಕದಲ್ಲಿ ಕೂತ. ಹೋದ ವರ್ಷದ ಮಾತು ಇಬ್ಬರೂ ಎತ್ತಲಿಲ್ಲ. ಅರ್ಧ ಚಹಾ ಅವನಿಗೆ ಕೊಟ್ಟೆ.